ಫ್ಲೋರೆಸ್ ಹಳ್ಳಿಯಲ್ಲಿ ನೆಲೆ: ಗುತ್ತಿಗೆಯೋ, ಹಕ್ ಪಾಕಾಯೋ?

ಫ್ಲೋರೆಸ್ ಇಂಡೊನೇಷ್ಯಾದ ಒಂದು ದ್ವೀಪ. ಆ ದೇಶದಲ್ಲಿ ಜಮೀನಿನ ಪೂರ್ಣ ಒಡೆತನ, ಅಂದರೆ ಹಕ್ ಮಿಲಿಕ್, ಅಲ್ಲಿನ ನಾಗರಿಕರಿಗಷ್ಟೇ, ನಮ್ಮಂಥ ವಿದೇಶಿಯರಿಗಿಲ್ಲ. 1960ರ ಭೂ ಕಾನೂನು ಹಾಗೆನ್ನುತ್ತದೆ. ಊರಿನವರ ಹೆಸರಲ್ಲಿ ಬೇನಾಮಿ ಕೊಳ್ಳಲೇಬೇಡಿ. ವ್ಯವಹಾರ ಅಸಿಂಧುವಾದರೆ ಜಮೀನು ಸರ್ಕಾರದ ಪಾಲು, ಕೊಟ್ಟ ದುಡ್ಡೂ ವಾಪಸು ಬರುವುದಿಲ್ಲ.

ವಿದೇಶಿಯರಿಗೆ ಹಕ್ ಪಾಕಾಯ್ ಎಂಬ ಬಳಕೆ ಹಕ್ಕು 30 ವರ್ಷಕ್ಕೆ ಸಿಗುತ್ತದೆ. ವಿಸ್ತರಣೆ 20, ನವೀಕರಣ ಮತ್ತೆ 30. ಪ್ರಮಾಣಪತ್ರ ನಿಮ್ಮ ಹೆಸರಲ್ಲೇ ಇರುತ್ತದೆ. ಆದರೆ ಸರಿಯಾದ ವೀಸಾ ಅಥವಾ ವಾಸದ ಪರವಾನಗಿ ಬೇಕು, ಜಮೀನೂ ನೋಂದಣಿಯಾಗಿರಬೇಕು. ತೊಡಕು ಇಲ್ಲೇ: ಒಳಹಳ್ಳಿಗಳಲ್ಲಿ ಎಷ್ಟೋ ಜಮೀನು ಕುಲದ ಸೊತ್ತು, ಕೈಯಲ್ಲಿರುವುದು ತೆರಿಗೆ ರಸೀದಿ ಮಾತ್ರ.

ಗುತ್ತಿಗೆ ಸುಲಭ, ಮೊದಲ ಸಲಕ್ಕೆ ಅದೇ ಮೇಲು. ಬಾಡಿಗೆಯನ್ನು ಪೂರ್ತಿ ಮುಂಗಡ ಕೇಳುವುದೇ ಹೆಚ್ಚು. ಸಣ್ಣ ಅವಧಿಗೆ ಒಪ್ಪಿ. ಭೂ ಕಚೇರಿಯಲ್ಲಿ ದಾಖಲೆ ನೋಡಿಸಿ, ಕರಾರನ್ನು ನೋಟರಿ ಮುಂದೆ ಮಾಡಿಸಿ. ಅಣ್ಣ ಸಹಿ ಹಾಕಿ ತಂಗಿ ಹಾಕದಿದ್ದರೆ ನಾಳೆ ತಕರಾರು ಖಚಿತ; ವಾರಸುದಾರರೆಲ್ಲರ ಸಹಿ ಪಡೆಯಿರಿ. ಮಳೆಗಾಲದಲ್ಲೂ ವಾಹನ ಹೋಗುವ ದಾರಿ ಕರಾರಿನಲ್ಲೇ ಬರೆದಿರಲಿ.