ಆರೋಗ್ಯವರ್ಧಿನಿ ಕೊಡಲ್ಲ ಅಂದ ಡಾಕ್ಟ್ರು – ನಮ್ಮ ಏರಿಯಾದ ಆಯುರ್ವೇದ ಕ್ಲಿನಿಕ್ ರಿವ್ಯೂ

ನನ್ ಮಗನಿಗೆ 14 ವರ್ಷ, ವಿಲ್ಸನ್ ಡಿಸೀಸ್ ಇದೆ. ಊಟದಲ್ಲಿ ಬರೋ ತಾಮ್ರ ಹೆಚ್ಚಾದ್ರೆ ಲಿವರ್ ಪಿತ್ತದ ಜೊತೆ ಹೊರಗೆ ಹಾಕ್ಬೇಕು, ಇವನಿಗೆ ಅದು ಆಗಲ್ಲ, ಹಂಗಾಗಿ ಲಿವರಲ್ಲೇ ಸೇರ್ಕೊಂಡು ಆಮೇಲೆ ಮೆದುಳಿಗೂ ಕಣ್ಣಿಗೂ ಹೋಗುತ್ತೆ. ಅಪ್ಪ ಅಮ್ಮ ಇಬ್ರ ಕಡೆಯಿಂದಲೂ ಆ ಜೀನ್ ಬಂದ್ರೆ ಮಾತ್ರ ಬರೋ ಕಾಯಿಲೆ, ನಮ್ದು ಸೋದರಿಕೆ ಮದುವೆ ಬೇರೆ. ಮಗಳಿಗೂ ಟೆಸ್ಟ್ ಮಾಡಿಸಿದ್ವಿ, ಅವಳಿಗಿಲ್ಲ, ದೇವ್ರು ದೊಡ್ಡೋನು.

ಶುರುನಲ್ಲಿ ಬರೀ ಕಾಮಾಲೆ ಅನ್ಕೊಂಡು ನಮ್ಮತ್ತೆ ನೆಲನೆಲ್ಲಿ ಅರೆದು ಮಜ್ಜಿಗೇಲಿ ಕೊಟ್ರು, ಆಮೇಲೆ ಒಂದು ಗ್ರಂದಿಗೆ ಅಂಗಡಿಯವ್ರು ಲಿವರಿಗೆ ಇದಕ್ಕಿಂತ ಒಳ್ಳೇದಿಲ್ಲ ಅಂತ ಆರೋಗ್ಯವರ್ಧಿನಿ ವಟಿ ಕೊಟ್ರು, ಒಂದೂವರೆ ತಿಂಗ್ಳು ನಾನೇ ಕೈಯಾರೆ ನುಂಗಿಸಿದೀನಿ. ಆಮೇಲೆ ದೊಡ್ಡಾಸ್ಪತ್ರೇಲಿ ಕಣ್ಣಿಗೆ ಲೈಟ್ ಬಿಟ್ಟು ನೋಡಿದ್ರೆ ಕಪ್ಪುಗುಡ್ಡೆ ಸುತ್ತ ತಾಮ್ರ ಸೇರ್ಕೊಂಡು ಆದ ಕಂದು ಬಣ್ಣದ ಉಂಗುರ, ರಕ್ತದಲ್ಲಿ ತಾಮ್ರ ಹೊತ್ಕೊಂಡು ಹೋಗೋ ಸೆರುಲೋಪ್ಲಾಸ್ಮಿನ್ ಅನ್ನೋ ಪ್ರೋಟೀನ್ 20ರ ಮೇಲಿರ್ಬೇಕಾದ್ದು 7. ಮೈಯಲ್ಲಿರೋ ತಾಮ್ರನ ಮೂತ್ರದಲ್ಲಿ ಹೊರಗೆ ಹಾಕೋ ಪೆನಿಸಿಲಮೈನ್ ಅನ್ನೋ ಮಾತ್ರೆ ಶುರು ಮಾಡಿದ್ರು, ಜೀವನಪೂರ್ತಿ ಅಂದ್ರು.

ಮಾತ್ರೆ ತಗೊಂಡ್ರೆ ವಾಂತಿ ಬಂದಂಗಾಗೋದು, ಊಟ ಸೇರ್ತಿರ್ಲಿಲ್ಲ, ಅದಕ್ಕೇ ಈ ಕ್ಲಿನಿಕ್‌ಗೆ ಹೋಗಿದ್ದು. ಮೇಡಂ ಫೈಲ್ ಪೂರ್ತಿ ಓದಿದ್ರು. ನಾನು ಹಳೇ ಡಬ್ಬಿ ಟೇಬಲ್ ಮೇಲಿಟ್ಟೆ, ತಿರುಗಿಸಿ ಲೇಬಲ್ ಮೇಲೆ ಉಗುರಿಟ್ಟು ತೋರ್ಸಿದ್ರು, ತಾಮ್ರ ಭಸ್ಮ ಅಂತ ಸಣ್ಣಕ್ಷರದಲ್ಲಿತ್ತು! "ಬೇರೆಯವ್ರ ಲಿವರಿಗೆ ನಾನೇ ಇದನ್ನ ಬರ್ಕೊಡ್ತೀನಮ್ಮ, ನಿಮ್ಮ ಮಗನಿಗೆ ಬೇಡ್ವೇ ಬೇಡ" ಅಂದ್ರು. ನನಗೆ ಕೈಕಾಲೇ ಆಡ್ಲಿಲ್ಲ. ತಾಮ್ರದ ಚೊಂಬಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಸ್ತಿದ್ದೆ, ಅದನ್ನೂ ಬಿಡ್ಸಿದ್ರು. ಭಸ್ಮ, ವಟಿ ಒಂದೂ ಕೊಡ್ಲಿಲ್ಲ. ಬೆಳಿಗ್ಗೆ ಮಾತ್ರೆ ಖಾಲಿ ಹೊಟ್ಟೇಲೇ ಇರ್ಲಿ, ಒಂದು ಗಂಟೆ ಬಿಟ್ಟು ಜೀರಿಗೆ ಹಾಕಿದ ಅನ್ನದ ಗಂಜಿ, ರಾತ್ರಿ ಬೇಗ ಊಟ, ಗೋಡಂಬಿ ಚಾಕ್ಲೇಟ್ ಅಣಬೆ ಬೇಡ, ಇಷ್ಟೇ. ಅದನ್ನೂ ಆಸ್ಪತ್ರೆ ಡಾಕ್ಟ್ರಿಗೆ ತೋರ್ಸಿ ಅಂತ ಚೀಟೀಲಿ ಬರೆದು ಕೊಟ್ರು. ಪೆನಿಸಿಲಮೈನ್ ಒಂದಿನಾನೂ ನಿಲ್ಲಿಸ್ಬೇಡಿ, ಇದಕ್ಕೆ ನಮ್ಮಲ್ಲಿ ಬದಲಿ ಔಷಧಿ ಇಲ್ಲ ಅಂತ ಬಾಯಿಬಿಟ್ಟು ಹೇಳಿದ್ರಲ್ಲ, ನಾನು ನಂಬಿದ್ದು ಆ ಮಾತಿಗೆ. ಈಗ ಮೂರು ತಿಂಗ್ಳಾಯ್ತು, ಹುಡುಗ ಕೂತು ಊಟ ಮಾಡ್ತಾನೆ.

ಫೀಸ್ 300, ಕಾಯೋದು ಮಾತ್ರ ಜಾಸ್ತಿ, ಎರಡು ಗಂಟೆ ಹಿಡೀತು. ಕಾಯೋ ಜಾಗದಲ್ಲಿ ಕುಡಿಯೋಕೆ ತಾಮ್ರದ ಕೊಳಗದಲ್ಲಿ ನೀರಿಟ್ಟಿದ್ರು, ನಮ್ಮಂಥವ್ರು ಬಂದ್ರೆ ಏನ್ಮಾಡ್ತೀರಿ ಅಂತ ಕೌಂಟರ್‌ನಲ್ಲಿ ಹೇಳಿ ಬಂದೆ, ಮುಂದಿನ ಸಲ ಹೋದಾಗ ಪಕ್ಕದಲ್ಲೇ ಸ್ಟೀಲ್ ಫಿಲ್ಟರ್ ಇತ್ತು. 5ಕ್ಕೆ 4 ಸ್ಟಾರ್. ಫೈಲ್, ಹಳೇ ಡಬ್ಬಿಗಳು ಎಲ್ಲಾ ತಗೊಂಡೇ ಹೋಗಿ.