ಫೋಟೋಗೆ ಎರಡಡಿ ಕೀ, ಮನೆಗೆ ಒಂದೇ ಕೀ: ತುಮಕೂರಿನ ಒಂದು ಶೋರೂಂ ಕಥೆ

ಮೊದ್ಲೇ ಹೇಳ್ಬಿಡ್ತೀನಿ, ಶೋರೂಂ ಹೆಸ್ರು ಕಾರ್ ಕಂಪ್ನಿ ಹೆಸ್ರು ಎರಡೂ ಬರಿಯಲ್ಲ, ಒಂದು ತಕರಾರು ಇನ್ನೂ ಬಾಕಿ ಇದೆ. ನಮ್ದು ತಿಪಟೂರು ಕಡೆ. 2025ರಲ್ಲಿ ಕೊಬ್ಬರಿಗೆ ಯಾವತ್ತೂ ಕಾಣದ ರೇಟ್ ಬಂತಲ್ಲ, ಅಪ್ಪಾಜಿ ಈ ಸಲ ಕಾರ್ ತಗೊಂಡೇಬಿಡಾಣ ಅಂದ್ರು, ಅದೇ ಟೈಮಿಗೆ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು, ಅಕ್ಟೋಬರ್ 1ಕ್ಕೆ ಆಯುಧ ಪೂಜೆ. ಇನ್ನೇನು ಬೇಕು, ಜಿಲ್ಲೆಗೆ ಜಿಲ್ಲೆನೇ ಶೋರೂಂ ಬಾಗ್ಲಲ್ಲಿ ನಿಂತಿತ್ತು.

ಡೆಲಿವರಿ ದಿನ ಬುಧವಾರ, ಹನ್ನೆರಡಕ್ಕೆ ರಾಹುಕಾಲ ಶುರು, ನಮ್ಮ ಸರದಿ ಬಂದಾಗ ಹನ್ನೊಂದೂವರೆ ಆಗೋಗಿತ್ತು. ಹಾರ ಹಾಕಿದ್ರು, ಕೇಕ್ ಕಟ್ ಮಾಡಿಸಿದ್ರು, ಅಪ್ಪಾಜಿ ಕೈಗೆ ಎರಡಡಿ ಉದ್ದದ ರಟ್ಟಿನ ಕೀ ಕೊಟ್ಟು ಫೋಟೋ ತೆಗೆದ್ರು. ಅಸಲಿ ಕೀ ಒಂದೇ ಕೊಟ್ಟಿದ್ದು. ಇನ್ನೊಂದೆಲ್ಲಪ್ಪಾ ಅಂದ್ರೆ ಸೇಲ್ಸ್ ಹುಡುಗ "ಸ್ಟೋರಲ್ಲಿದೆ ಸರ್, ನಾಳೆ ಕೊರಿಯರ್ ಮಾಡ್ತೀನಿ" ಅಂದ. ಅಷ್ಟೊತ್ತಿಗೆ ನನ್ ಕಣ್ಣು ಎಡಗಡೆ ಹಿಂದಿನ ಡೋರ್ ಮೇಲೆ ಬಿತ್ತು, ಬಿಳಿ ಕಾರಲ್ಲಿ ಆ ಡೋರ್ ಮಾತ್ರ ಹಾಲಿಗೆ ಒಂಚೂರು ಟೀ ಡಿಕಾಕ್ಷನ್ ಬಿದ್ದಂಗೆ ಕಾಣ್ತಿತ್ತು. ಕೇಳೋಣ ಅಂತ ಬಾಯಿ ತೆಗೆದೆ, ಅಪ್ಪಾಜಿ "ಪೂಜೆ ಹೊತ್ನಲ್ಲಿ ತಕರಾರು ತೆಗಿಬ್ಯಾಡ ಸುಮ್ನಿರ್ಲಾ" ಅಂದ್ರು, ಸುಮ್ನಾದೆ. ನಾಕು ಪೇಪರ್ ಮುಂದಿಟ್ರು, ಎಲ್ಲಾದಕ್ಕೂ ಸೈನ್ ಹಾಕ್ದೆ, ಓದಿದ್ದು ಒಂದೂ ಇಲ್ಲ. ನಿಂಬೆಹಣ್ಣು ಹತ್ತಿಸಿ ಹೊರಟ್ವಿ.

ಎಂಟನೇ ದಿನ ಸಂಜೆ ಗುಬ್ಬಿ ದಾಟಿ ನಿಟ್ಟೂರು ಹತ್ರ ಪಂಚರ್. ಹೊಸ ಕಾರು, ಜಂಬದಿಂದ ಡಿಕ್ಕಿ ತೆಗೆದು ಮ್ಯಾಟ್ ಎತ್ತಿದ್ರೆ ಗುಮ್ ಅಂತ ಮುಗ್ಗಲು ವಾಸನೆ, ಸ್ಟೆಪ್ನಿ ಗುಂಡಿಯಲ್ಲಿ ಎರಡು ಬೆರಳು ನೀರು ನಿಂತಿದೆ! ಸ್ಟೆಪ್ನಿ ಏನೋ ಇತ್ತು. ಅದರ ಪಕ್ಕ ಜಾಕ್ ಕೂರೋ ಆಕಾರಕ್ಕೆ ಕೊರೆದಿರೋ ಥರ್ಮಾಕೋಲ್ ಪೂರ್ತಿ ಖಾಲಿ, ಜಾಕ್ ಇಲ್ಲ, ವೀಲ್ ಪಾನ ಇಲ್ಲ, ಕಾರ್ ಎಳೆಯೋ ಹುಕ್ ಇಲ್ಲ. ಎಳನೀರು ಸಾಗಿಸ್ತಿದ್ದ ಲಗೇಜ್ ಆಟೋ ಅಣ್ಣ ಒಬ್ರು ನಿಲ್ಸಿ ತಮ್ಮ ಜಾಕ್ ಕೊಟ್ಟು ತಾವೇ ಟೈರ್ ಬದಲಾಯಿಸಿದ್ರು, "ಎಷ್ಟಾಯ್ತು ಸರ್ ಕಾರು" ಅಂತ ಕೇಳಿದ್ರು, ರೇಟ್ ಹೇಳೋಕೇ ನಾಚಿಕೆ ಆಯ್ತು.

ಮಾರನೇ ದಿನ ಬಿಸಿಲಲ್ಲಿ ಕೂತು ಒಂದೊಂದಾಗಿ ನೋಡ್ದೆ, ಡೆಲಿವರಿ ದಿನ ಮಾಡ್ಬೇಕಿದ್ದ ಕೆಲ್ಸ. ಆ ಡೋರಿನ ರಬ್ಬರ್ ಬೀಡಿಂಗ್ ಎತ್ತಿ ಒಳಗೆ ಉಗುರು ಆಡಿಸಿದ್ರೆ ಉಪ್ಪುಕಾಗದ ಥರ ಒರಟು, ಬೀಡಿಂಗ್ ಅಂಚಿಗೂ ಬಿಳಿ ಪೇಂಟ್ ಹಾರಿದೆ. ಅಂದ್ರೆ ಯಾರೋ ಎಲ್ಲೋ ತಗುಲಿಸಿ ಮತ್ತೆ ಸ್ಪ್ರೇ ಹೊಡೆದವ್ರೆ. ಟೈರ್ ಪಕ್ಕದಲ್ಲಿ ನಾಕು ಅಂಕಿ ಇರುತ್ತಲ್ಲ, ಮೊದಲ ಎರಡು ವಾರ, ಕೊನೆ ಎರಡು ವರ್ಷ. ಓಡೋ ನಾಕೂ ಟೈರಲ್ಲಿ 2225, ಅಂದ್ರೆ 2025ರ 22ನೇ ವಾರದ್ದು, ಸ್ಟೆಪ್ನಿದು ಮಾತ್ರ 4023. ಹಿಂದಿನ ಬಲಗಡೆ ಸ್ಪೀಕರ್ ಮೂಗ. ಕೊಟೇಶನ್‌ನಲ್ಲಿ ದುಡ್ಡು ಹಿಡಿದಿದ್ದ ಮ್ಯಾಟ್ ಸೆಟ್‌ನಲ್ಲಿ ಎರಡೇ ಇತ್ತು.

ಫೋನ್ ಮಾಡಿದ್ರೆ ಅದೇ ಹುಡುಗ "ಸರ್ ಈಗ ಜಾಕ್ ಎಲ್ಲಾ ಕಡ್ಡಾಯ ಇಲ್ಲ, 2020ರಲ್ಲೇ ರೂಲ್ ಬಂದಿದೆ" ಅಂದ. ಆ ರೂಲ್ ಇರೋದು ಸ್ಟೆಪ್ನಿ ವಿಷ್ಯಕ್ಕೆ, ಅದೂ ಟ್ಯೂಬ್‌ಲೆಸ್ ಟೈರ್ ಜೊತೆ ಗಾಳಿ ಕಮ್ಮಿ ಆದ್ರೆ ತೋರ್ಸೋ ಸೆನ್ಸರ್, ಪಂಚರ್ ಕಿಟ್ ಎರಡೂ ಇದ್ರೆ. ನಮ್ ಕಾರಲ್ಲಿ ಎರಡೂ ಇಲ್ಲ. ಅದನ್ನ ಹೇಳ್ದಾಗ ಮ್ಯಾನೇಜರ್ ಲೈನಿಗೆ ಬಂದು "ಎಲ್ಲಾ ಐಟಂ ರಿಸೀವ್ಡ್ ಅಂತ ನೀವೇ ಸೈನ್ ಮಾಡಿದೀರಲ್ಲ ಸರ್" ಅಂದ್ರು. ಇಲ್ಲಿ ನನ್ ಬಾಯಿ ಕಟ್ಟೋಯ್ತು.

ಆಮೇಲೆ ಫೋನ್ ಮಾಡೋದೇ ಬಿಟ್ಟೆ, ಎಲ್ಲಾ ಮೇಲ್‌ನಲ್ಲೇ. ಫೋಟೋ, ಆ ನೀರಿನ ವಿಡಿಯೋ, ಕೊಟೇಶನ್ ಕಾಪಿ, ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಜಾಕ್ ಚಿತ್ರ ಇರೋ ಪೇಜು ಎಲ್ಲಾ ಹಾಕಿ ಕಂಪ್ನಿ ಕಸ್ಟಮರ್ ಕೇರಿಗೆ ಒಂದು, ಶೋರೂಮಿಗೆ ಒಂದು. ಒಂದು ವಾರ ಉತ್ರ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಮಾಡಿ ದೂರು ಬರೆಸಿದೆ, ಆ ದೂರಿನ ನಂಬರನ್ನ ಮುಂದಿನ ಮೇಲ್‌ನಲ್ಲಿ ಹಾಕ್ದೆ ನೋಡಿ, ಎರಡೇ ದಿನದಲ್ಲಿ ಜಾಕ್, ಪಾನ, ಹುಕ್, ಮ್ಯಾಟು, ಎರಡನೇ ಕೀ ಎಲ್ಲಾ ಒಂದೇ ಚೀಲದಲ್ಲಿ ಮನೆ ಬಾಗ್ಲಿಗೆ ಬಂತು! ಕೀ ವಿಷ್ಯ ಮಾತ್ರ ಯಾರೂ ಹಗುರ ಮಾಡ್ಕೋಬೇಡಿ, ಕಾರ್ ಕಳುವಾದ್ರೆ ಇನ್ಶೂರೆನ್ಸ್‌ನವ್ರು ಎರಡೂ ಕೀ ಕೇಳ್ತಾರೆ.

ವರ್ಕ್‌ಶಾಪ್ ಬಗ್ಗೆ ಒಳ್ಳೆ ಮಾತೇ ಹೇಳ್ಬೇಕು. ಅಲ್ಲಿನ ಮೆಕ್ಯಾನಿಕ್ ಅಣ್ಣ ಡಿಕ್ಕಿ ಒಳಗೆ ಹೆಲ್ಪರ್‌ನ ಟಾರ್ಚ್ ಕೊಟ್ಟು ಕೂರಿಸಿ ಹೊರಗಿಂದ ಪೈಪಲ್ಲಿ ನೀರು ಬಿಟ್ರು, ಐದು ನಿಮಿಷಕ್ಕೆ ಟೈಲ್ ಲ್ಯಾಂಪ್ ಹಿಂದಿನ ರಬ್ಬರ್ ಮಡಚಿಕೊಂಡಿರೋದು ಸಿಕ್ತು. ವಾರಂಟಿಯಲ್ಲಿ ಬದಲಾಯಿಸಿ ಕಾರ್ಪೆಟ್ ಬಿಚ್ಚಿ ಒಣಗಿಸಿ ಕೊಟ್ರು. ಸ್ಪೀಕರ್ ವೈರ್ ಕನೆಕ್ಟೇ ಆಗಿರ್ಲಿಲ್ವಂತೆ. ಡೋರ್ ಮುಟ್ಟಿ ನೋಡಿ "ಇದು ಹೊರಗಡೆ ಹೊಡೆದಿರೋ ಪೇಂಟೇ" ಅಂತ ಮೆಲ್ಲಗೆ ಅಂದ್ರು, ಬರ್ಕೊಡಿ ಅಂದ್ರೆ ನಕ್ಕು ಸುಮ್ನಾದ್ರು. ಅವರ ಹೊಟ್ಟೆಪಾಡು, ಬಲವಂತ ಮಾಡ್ಲಿಲ್ಲ.

ಡೋರ್ ಮಾತ್ರ ಹಂಗೇ ಇದೆ. ಶೋರೂಂನವ್ರು ಫ್ಯಾಕ್ಟರಿಯಿಂದಾನೇ ಹಂಗೆ ಬಂದಿದೆ ಅಂತಾರೆ, ಅದೇ ಬಾಯಲ್ಲಿ ಪೇಂಟ್ ಮೇಲೆ ಕೋಟಿಂಗ್ ಫ್ರೀ ಮಾಡ್ಕೊಡ್ತೀವಿ ಅಂತಾನೂ ಅಂತಾರೆ. ಕಾರ್ ಬದಲಾಯಿಸಿ ಅಂದ್ರೆ ರಿಜಿಸ್ಟ್ರೇಶನ್ ಆಗೋಗಿದೆ ಅಂತಾರೆ. ಅದೂ ನಿಜಾನೇ, ನಮ್ ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಲೈಫ್ ಟೈಮ್ ಟ್ಯಾಕ್ಸೇ 14 ಪರ್ಸೆಂಟ್, ಮೇಲೆ ಸೆಸ್ಸು, ಅಷ್ಟು ಕಟ್ಟಿ ನಂಬರ್ ಬಿದ್ಮೇಲೆ ವಾಪಸ್ ಯಾರು ತಗೋತಾರೆ. ಹಂಗಾಗಿ ತಗೊಳ್ಳೋರು ಚಾಸಿ ನಂಬರ್, ಅಂದ್ರೆ ಕಾರಿನ ಗುರುತಿನ ನಂಬರ್, ಅಲಾಟ್ ಆದ ತಕ್ಷಣ, ರಿಜಿಸ್ಟ್ರೇಶನ್‌ಗೆ ಮುಂಚೆ, ಶೋರೂಂನವ್ರು ಕಾರ್ ನಿಲ್ಸೋ ಯಾರ್ಡಿಗೇ ಹೋಗಿ ಹಗಲು ಬೆಳಕಲ್ಲಿ ನೋಡಿ. ಡಿಕ್ಕಿ ಮ್ಯಾಟ್ ಎತ್ತಿ.

ಸೇಲ್ಸಿಗೆ ಐದಕ್ಕೆ ಒಂದು, ವರ್ಕ್‌ಶಾಪಿಗೆ ನಾಕು. ಡೋರ್ ಮತ್ತೆ ಪೇಂಟ್ ಆಗಿದೆ ಅಂತ ಲಿಖಿತವಾಗಿ ಕೊಡಿ, ಬೆಲೆಯಲ್ಲಿ ಕಡಿಮೆ ಮಾಡಿ ಅಂತ ಕೇಳಿದೀನಿ, ಕೊಡ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹಾಕೋದೇ, ನಮ್ ಕಾರ್ ಬೆಲೆಗೆ ಫೀಸ್ 200 ರೂಪಾಯಿ, ಎರಡು ವರ್ಷ ಟೈಮೂ ಇದೆ. ನಿನ್ನೆ ಆ ಸೇಲ್ಸ್ ಹುಡುಗ ಫೋನ್ ಮಾಡಿದ್ದ, ಡೋರ್ ವಿಷ್ಯಕ್ಕೇನೋ ಅನ್ಕೊಂಡೆ. "ಸರ್, ಕಂಪ್ನಿಯಿಂದ ಫೀಡ್‌ಬ್ಯಾಕ್ ಕಾಲ್ ಬರುತ್ತೆ, ದಯವಿಟ್ಟು ಹತ್ತಕ್ಕೆ ಹತ್ತು ಕೊಟ್ಬಿಡಿ, ಇಲ್ಲಾಂದ್ರೆ ನನ್ ಇನ್ಸೆಂಟಿವ್ ಕಟ್."