ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ: ನಿಲ್ಲಿಸಿಟ್ಟ ಬೈಕಿಗೆ ಎಷ್ಟರ ಮಟ್ಟಿಗೆ ಮದ್ದು?

2020ರ ಲಾಕ್‌ಡೌನ್ ಸಡಿಲವಾದಾಗ ನಮ್ಮ ಮನೆಯ ಸ್ಪ್ಲೆಂಡರ್‌ಗೆಂದು ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕಳಿಸುವ ಭಾಗ) ತೊಳೆಯುವ ಸ್ಪ್ರೇಯ ಮೊದಲ ಡಬ್ಬಿ ತಂದೆ. ಆಮೇಲೆ ಈ ಸ್ಪ್ರೇ ಮನೆಯಲ್ಲಿ ಇಲ್ಲದ ವರ್ಷವಿಲ್ಲ. ಸ್ಪ್ಲೆಂಡರ್ ಅಲ್ಲದೆ ಚಿಕ್ಕಪ್ಪನ ಆರ್‌ಎಕ್ಸ್ 100ಗೆ, ಪಕ್ಕದ ಮನೆಯವರ ಹಳೇ ಪಲ್ಸರ್‌ಗೆ ಕೂಡ ಬಳಸಿದ್ದೇನೆ. ಬೇರೆ ಬೇರೆ ಕಂಪನಿಯ ಡಬ್ಬಿ ತಂದು ನೋಡಿದ್ದೇನೆ. ಅಂಟು ಕರಗಿಸುವ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಬ್ರ್ಯಾಂಡ್ ಮಾತು ಬಿಟ್ಟು, ಈ ಸ್ಪ್ರೇ ಏನು ಮಾಡುತ್ತೆ, ಏನು ಮಾಡಲ್ಲ ಅನ್ನೋದನ್ನೇ ಬರೆಯುತ್ತೇನೆ.

ಇದು ಈಗ ತುಂಬಾ ಜನಕ್ಕೆ ಬೇಕಾಗಿರುವ ವಿಷಯ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲೆ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬೈಕಲ್ಲಿ ಹೋಗುತ್ತಿದ್ದ ಕೆಲವರು ರೈಲು ಹಿಡಿದಿದ್ದಾರೆ. ಬೈಕುಗಳು ಬೇಸ್‌ಮೆಂಟಿನಲ್ಲಿ ಧೂಳು ಹಿಡಿದು ನಿಂತಿವೆ. ಕೆಲವು ತಿಂಗಳು ಬಿಟ್ಟು ಕಿಕ್ಕರ್ ಹೊಡೆದರೆ ಎಲ್ಲರದ್ದೂ ಒಂದೇ ಗೋಳು. ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತೆ, ಚೋಕ್ ಬಿಟ್ಟ ತಕ್ಷಣ ಆಫ್. ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ತಿರುಚುತ್ತಲೇ ನಿಂತಿರಬೇಕು. ನಿಧಾನಕ್ಕೆ ಹೋಗುವಾಗ ಮಿಸ್ಸಿಂಗ್ ಹೊಡೆಯುತ್ತೆ, ಜೋರಾಗಿ ಎಳೆದರೆ ಪರವಾಗಿಲ್ಲ.

ಇಷ್ಟು ಲಕ್ಷಣ ಒಟ್ಟಿಗೆ ಕಂಡರೆ ಮೊದಲು ಅನುಮಾನ ಪಡಬೇಕಾದ್ದು ಸ್ಲೋ ಜೆಟ್ ಮೇಲೆ, ಅಂದರೆ ಗಾಡಿ ನಿಂತಲ್ಲೇ ಓಡುವಾಗ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು. ಕಾರ್ಬೊರೇಟರಿನ ಕೆಳಗಿನ ಬಟ್ಟಲಲ್ಲಿ ಉಳಿದ ಪೆಟ್ರೋಲ್ ಮೆಲ್ಲಗೆ ಆವಿಯಾಗುತ್ತೆ. ಆರದೆ ಉಳಿದ ಭಾಗ ವಾರ್ನಿಷ್ ಥರ ಅಂಟಿಕೊಳ್ಳುತ್ತೆ. ಸ್ಲೋ ಜೆಟ್‌ನ ತೂತು ಅರ್ಧ ಮಿಲಿಮೀಟರ್‌ಗಿಂತಲೂ ಸಣ್ಣದು, ಅದಕ್ಕೇ ಮೊದಲು ಅದೇ ಕಟ್ಟಿಕೊಳ್ಳೋದು. ಜೋರಾಗಿ ಓಡುವಾಗ ಪೆಟ್ರೋಲ್ ಕೊಡುವ ಮೇನ್ ಜೆಟ್‌ನ ತೂತು ದೊಡ್ಡದು, ಅದು ಹೆಚ್ಚು ದಿನ ತಡೆಯುತ್ತೆ. ಅದಕ್ಕೇ ಗಾಡಿ ಜೋರಾಗಿ ಓಡುವಾಗ ಚೆನ್ನಾಗಿರುತ್ತೆ, ನಿಂತಾಗ ಸಾಯುತ್ತೆ. ಈಗ ಬಂಕಿನಲ್ಲಿ ಸಿಗೋದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಮಳೆಗಾಲ ಪೂರ್ತಿ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಯ ಬಟ್ಟಲು ಬಿಚ್ಚಿದರೆ ಕೆಲವೊಮ್ಮೆ ಬಿಳಿ ಪುಡಿ ಕೂಡ ಕಾಣುತ್ತೆ.

ಈಗ ಸ್ಪ್ರೇ ವಿಷಯ. ಏರ್ ಫಿಲ್ಟರ್ ಕಡೆಯಿಂದ ಕಾರ್ಬೊರೇಟರ್ ಬಾಯಿಗೆ ನಾಲ್ಕು ಸಲ ಹೊಡೆದು ಗಾಡಿ ರೇಸ್ ಮಾಡೋದು ಎಲ್ಲರೂ ಹೇಳುವ ಉಪಾಯ. ನನ್ನ ಅನುಭವದಲ್ಲಿ ಅದರಿಂದ ಸ್ಲೋ ಜೆಟ್ ಬಿಟ್ಟುಕೊಂಡಿದ್ದಿಲ್ಲ. ಸ್ಪ್ರೇ ಗಾಳಿ ಹೋಗುವ ದಾರಿಯಲ್ಲೇ ಇಂಜಿನ್ ಸೇರುತ್ತೆ, ಬಟ್ಟಲ ಒಳಗಿರುವ ಜೆಟ್‌ಗೆ ತಲುಪೋದೇ ಇಲ್ಲ. ದುಡ್ಡು ಕೊಟ್ಟು ತಂದ ಡಬ್ಬಿ ಸುಮ್ನೆ ಹೊಗೆಯಾಗುತ್ತೆ ಅಷ್ಟೇ.

ಬಿಚ್ಚಿ ಹೊಡೆದರೆ ಮಾತ್ರ ಇದರ ನಿಜವಾದ ಶಕ್ತಿ ಗೊತ್ತಾಗೋದು. ಚಿಕ್ಕಪ್ಪನ ಆರ್‌ಎಕ್ಸ್ 100 ಮನೆಯ ಹಿಂದೆ ವರ್ಷಗಟ್ಟಲೆ ನಿಂತಿತ್ತು. ಒಂದು ಗ್ಯಾರೇಜಿನಲ್ಲಿ, "ಸಾರ್, ಕಾರ್ಬೊರೇಟರ್ ಹೋಗಿದೆ, ಹೊಸದೇ ಹಾಕ್ಬೇಕು" ಅಂದರು. 1996ರಲ್ಲೇ ತಯಾರಿ ನಿಂತ ಗಾಡಿ ಅದು. ಅದರ ಜೊತೆ ಬಂದ ಮಿಕುನಿ ಕಾರ್ಬೊರೇಟರ್ ಬಿಸಾಕಿ ಯಾವುದೋ ಡೂಪ್ಲಿಕೇಟ್ ಹಾಕೋಕೆ ಮನಸ್ಸು ಒಪ್ಪಲಿಲ್ಲ. ಬಟ್ಟಲು ಬಿಚ್ಚಿ, ಎರಡೂ ಜೆಟ್ ತೆಗೆದು ಸ್ಪ್ರೇ ಹೊಡೆದು ನೆನೆಯಲು ಬಿಟ್ಟೆ. ಮತ್ತೆ ಹೊಡೆದೆ. ಜೇನಿನ ಬಣ್ಣದ ಅಂಟು ಕರಗಿ ಇಳಿಯಿತು. ಜೆಟ್ ಎತ್ತಿ ಬೆಳಕಿಗೆ ಹಿಡಿದಾಗ ಚುಕ್ಕೆಯಷ್ಟು ಗುಂಡನೆಯ ಬೆಳಕು ಕಂಡಿತು. ಜೋಡಿಸಿ ಹೊಸ ಪೆಟ್ರೋಲ್ ಹಾಕಿದ ಮೇಲೆ ಚೋಕ್ ಬಿಟ್ಟರೂ ಗಾಡಿ ಆಫ್ ಆಗದೆ ಓಡಿತು. ಚಿಕ್ಕಪ್ಪ ಅವತ್ತು ಬಸವನಗುಡಿ ಒಂದು ಸುತ್ತು ಹಾಕಿ ಬಂದರು. ಆ ಕಾರ್ಬೊರೇಟರ್ ಇವತ್ತಿಗೂ ಅದರಲ್ಲೇ ಇದೆ.

ಬಿಚ್ಚುವಾಗ ಕೆಲವು ವಿಷಯ ನೆನಪಿರಲಿ. ಪಕ್ಕದ ಗಾಳಿ ಸ್ಕ್ರೂ ತೆಗೆಯುವ ಮೊದಲು ಮೆಲ್ಲಗೆ ಕೊನೆತನಕ ಒಳಗೆ ತಿರುಗಿಸಿ, ಎಷ್ಟು ಸುತ್ತು ಬಂತು ಅಂತ ಬರೆದಿಡಿ. ವಾಪಸ್ ಹಾಕುವಾಗ ಅಷ್ಟೇ ಸುತ್ತು ಹೊರಗೆ ಬಿಡಿ. ಅಳತೆಗೆ ಸರಿಯಾದ ಸ್ಕ್ರೂಡ್ರೈವರ್ ಇರಲಿ, ಬಟ್ಟಲಿನ ಸ್ಕ್ರೂ ತಲೆ ಬೇಗ ಸವೆಯುತ್ತೆ. ಜೆಟ್ ಹಿತ್ತಾಳೆಯದ್ದು, ಅದಕ್ಕೆ ಸೂಜಿ ಚುಚ್ಚಿದರೆ ತೂತು ದೊಡ್ಡದಾಗಿ ಗಾಡಿ ಪೆಟ್ರೋಲ್ ಕುಡಿಯಲು ಶುರು ಮಾಡುತ್ತೆ. ಕರೆಂಟ್ ವೈರಿನ ಒಂದು ತಾಮ್ರದ ಎಳೆ ಸಾಕು. ಸ್ಪ್ರೇ ಒಂದು ತೂತಿಗೆ ಹೊಡೆದರೆ ಇನ್ನೊಂದರಿಂದ ಚಿಮ್ಮಿ ನೇರ ಮುಖಕ್ಕೆ ಬರುತ್ತೆ. ಕನ್ನಡಕ ಹಾಕದೆ ದಯವಿಟ್ಟು ಮುಟ್ಟಬೇಡಿ. ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು ಇದು. ಮುಚ್ಚಿದ ಬೇಸ್‌ಮೆಂಟಿನಲ್ಲಿ ಬೇಡ, ಇಂಜಿನ್ ಬಿಸಿ ಇದ್ದಾಗಲೂ ಬೇಡ.

ನನಗೆ ದೊಡ್ಡ ಕೊರತೆ ಅನಿಸಿದ್ದು ರಬ್ಬರ್ ವಿಷಯದಲ್ಲಿ. ಈ ಸ್ಪ್ರೇ ತಾಗಿದರೆ ಓ-ರಿಂಗ್, ಬಟ್ಟಲಿನ ಪ್ಯಾಕಿಂಗ್ ಉಬ್ಬುತ್ತವೆ. ಪಲ್ಸರ್‌ನಲ್ಲಿ ಮೇಲಿನ ಮುಚ್ಚಳದೊಳಗೆ ತೆಳ್ಳನೆಯ ರಬ್ಬರ್ ಡಯಾಫ್ರಮ್ ಇತ್ತು. ಅದನ್ನು ಮೊದಲೇ ಬಿಚ್ಚಿ ಪಕ್ಕಕ್ಕಿಟ್ಟ ಮೇಲೇ ಸ್ಪ್ರೇ ಹೊಡೆದೆ. ಟ್ಯಾಂಕಿನ ಬಣ್ಣಕ್ಕೂ ಇದು ಆಗಿಬರಲ್ಲ. ಪ್ಯಾಕಿಂಗ್, ಫ್ಲೋಟ್ ಸೂಜಿ, ಜೆಟ್ ಎಲ್ಲ ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಹಳೇ ತುಂಡು ಕೈಯಲ್ಲಿ ಹಿಡಿದು ಹೋದರೆ ಕೆಲಸ ಸುಲಭ. ಜೆಟ್ ಮೇಲಿನ ನಂಬರ್ ನೋಡಿಕೊಂಡೇ ತನ್ನಿ.

ಎಲ್ಲ ಕಾಯಿಲೆಗೂ ಇದು ಮದ್ದಲ್ಲ. ಟ್ಯಾಂಕ್ ಒಳಗೆ ತುಕ್ಕು ಬಂದಿದ್ದರೆ ಇವತ್ತು ತೊಳೆದ ಜೆಟ್ ನಾಳೆ ಮತ್ತೆ ಕಟ್ಟುತ್ತೆ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಪೆಟ್ರೋಲ್ ಹುಳಿ ವಾಸನೆ ಹೊಡೆಯುತ್ತಿದ್ದರೆ ಪೂರ್ತಿ ತೆಗೆದುಬಿಡಿ. ಕಾರ್ಬೊರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿದ್ದರೂ ಐಡ್ಲಿಂಗ್ (ಗಾಡಿ ನಿಂತಲ್ಲೇ ಓಡೋದು) ಇದೇ ಥರ ಕೈ ಕೊಡುತ್ತೆ. ಪ್ಲಗ್, ಏರ್ ಫಿಲ್ಟರ್ ನೋಡೋದು ಐದು ನಿಮಿಷದ ಕೆಲಸ, ಡಬ್ಬಿ ಕೊಳ್ಳುವ ಮೊದಲೇ ಮಾಡಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲಿನ ಬೈಕುಗಳಲ್ಲಿ ಹೆಚ್ಚಿನವು ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳು. ಅವುಗಳಲ್ಲಿ ಕಾರ್ಬೊರೇಟರೇ ಇಲ್ಲ ಅಲ್ವಾ, ಈ ಡಬ್ಬಿ ತರುವ ಅಗತ್ಯವೂ ಇಲ್ಲ.

ಸ್ಪ್ಲೆಂಡರ್‌ಗೆ ಈಗೀಗ ಸ್ಪ್ರೇ ಬೇಕಾಗೋದೇ ಅಪರೂಪ. ಊರಿಗೆ ಹೋಗುವ ಮೊದಲು ಪೆಟ್ರೋಲ್ ಟ್ಯಾಪ್ ಆಫ್ ಮಾಡಿ, ಬಟ್ಟಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಒಂದು ಬಾಟಲಿಗೆ ಪೆಟ್ರೋಲ್ ಇಳಿಸಿಬಿಡುತ್ತೇನೆ. ಬಟ್ಟಲು ಒಣಗಿದ್ದರೆ ಅಂಟು ಕಟ್ಟಲು ಅಲ್ಲೇನೂ ಇರಲ್ಲ. ಟ್ಯಾಂಕ್ ಮಾತ್ರ ತುಂಬಿಸಿಡುತ್ತೇನೆ, ಖಾಲಿ ಜಾಗ ಕಡಿಮೆ ಇದ್ದಷ್ಟೂ ತೇವ ಕಡಿಮೆ. ಹೀಗಾಗಿ ಒಂದು ಡಬ್ಬಿ ತುಂಬಾ ದಿನ ಬರುತ್ತೆ. ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿಡಿ. ಅದರ ಜೊತೆ ಬರುವ ಕೆಂಪು ಕೊಳವೆಯನ್ನು ಡಬ್ಬಿಗೇ ರಬ್ಬರ್ ಬ್ಯಾಂಡ್ ಸುತ್ತಿ ಕಟ್ಟಿಡಿ. ಅದು ಕಳೆದರೆ ಜೆಟ್ ಒಳಗೆ ಹೊಡೆಯೋಕೆ ಆಗಲ್ಲ.